ಏಳು ಗಂಟೆಗೆ ಚಂಪಕ್ಕನ ಮನೆ

ನನ್ನ ಅಕ್ಕ ಚಂಪಾವತಿಯ ಮನೆ ಟೀವಿಯಲ್ಲಿ ಬರತೊಡಗಿದ್ದು ಕಾರ್ತಿಕದ ಎರಡನೆಯ ಸೋಮವಾರ. ನಾನು ಕೆಳಗೆ ಕೂತು ಹೀರೇಕಾಯಿ ಹೆರೆಯುತ್ತಿದ್ದೆ. ಏಳು ಹೊಡೆಯಿತು. ಒಂದು ತಿಂಗಳಿಂದ ಬರುತ್ತಿದ್ದ ಟೈಲರ್ ಪುಟ್ಟಯ್ಯನ ಮನೆಯ ಬದಲು ಆವತ್ತು ಒಂದು ಉದ್ದನೆಯ ಪಡಸಾಲೆ ಕಾಣಿಸಿತು. ಗೋಡೆಗೆ ಒರಗಿಸಿದ ಕೊಪ್ಪರಿಗೆಗಳು, ಒಂದರೊಳಗೊಂದು ಕೂರಿಸಿದ ತಪ್ಪಲೆಗಳು, ಮೂಲೆಯಲ್ಲಿ ಆಳೆತ್ತರದ ಸೌಟುಗಳು. ಅವುಗಳ ನಡುವೆ ಒಬ್ಬ ಹೆಂಗಸು ಬೆನ್ನು ಮಾಡಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮುಖ ಕಾಣುವ ಮೊದಲೇ ನನಗೆ ತಿಳಿಯಿತು. ಆ ಬೆನ್ನಿನ ಮೇಲೆ ಕೂತು ಬೆಳೆದವಳು ನಾನು.

"ರೀ, ಸ್ವಲ್ಪ ಬನ್ನಿ ಇಲ್ಲಿ," ಎಂದು ಕೂಗಿದೆ. ನನ್ನ ಗಂಡ ಷಡಕ್ಷರಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, "ನಾನು ಅಂದ್ಕೊಂಡಿದ್ದೆ," ಅಂದರು.

ನಮ್ಮೂರಿಗೆ ಇದು ಹೊಸದಲ್ಲ. ಕೈ ಬರಿದಾದ ಮನೆಯೊಂದು ದಿನಾ ಸಂಜೆ ಏಳರಿಂದ ಏಳೂವರೆಯವರೆಗೆ ಎಲ್ಲರ ಟೀವಿಯಲ್ಲೂ ಬರುತ್ತಿತ್ತು. ಅವರ ಕಷ್ಟ ತೀರಿದರೆ ಇನ್ನೊಂದು ಮನೆ ಶುರುವಾಗುತ್ತಿತ್ತು. ಒಂದು ಸಲಕ್ಕೆ ಒಂದೇ ಮನೆ. ಇಡೀ ದಿನದಲ್ಲಿ ಯಾವ ಅರ್ಧ ಗಂಟೆಯನ್ನು ತೋರಿಸುತ್ತಾರೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬೆಳಗಿನ ಜಾವ ಹಲ್ಲುಜ್ಜುವುದೂ ಇರಬಹುದು, ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯೂ ನಿಂತದ್ದೂ ಇರಬಹುದು. ತೋರಿಸುವವರು ಯಾರು ಎಂದು ನಮ್ಮ ಅಜ್ಜಂದಿರೇ ಕೇಳುವುದನ್ನು ಬಿಟ್ಟಿದ್ದರು. ಆ ಹೊತ್ತಿನಲ್ಲಿ ಆ ಒಂದು ಮನೆಯ ಟೀವಿಯಲ್ಲಿ ಮಾತ್ರ ಹೂದಾನಿಯ ಚಿತ್ರವೊಂದು ಅಲುಗಾಡದೆ ನಿಂತಿರುತ್ತಿತ್ತು. ಹಾಗಾಗಿ ದಿವಾಳಿಯೆದ್ದವರನ್ನು ನಮ್ಮಲ್ಲಿ 'ಹೂದಾನಿ ಬಂದವರು' ಎನ್ನುವುದು ರೂಢಿ. ಹೆಣ್ಣು ಕೊಡುವವರು ಅದೊಂದನ್ನು ವಿಚಾರಿಸಿಯೇ ತಾಂಬೂಲಕ್ಕೆ ಕೈ ಚಾಚುತ್ತಿದ್ದರು. ಹೆಂಗಸರು ಆರೂವರೆಗೆಲ್ಲ ಸಾರು ಇಳಿಸಿಬಿಡುತ್ತಿದ್ದರು. ಕೋಟೆ ಆಂಜನೇಯನ ಗುಡಿಯವರು ಜನ ಬರುವುದಿಲ್ಲವೆಂದು ಸಂಜೆಯ ಮಂಗಳಾರತಿಯನ್ನೇ ಎಂಟು ಗಂಟೆಗೆ ತಳ್ಳಿದ್ದರು.

ಒಂದು ಸಲಕ್ಕೆ ಒಂದೇ ಮನೆ ಎಂದೆನಲ್ಲ, ಅದರಲ್ಲೇ ಎಲ್ಲ ಅಡಗಿತ್ತು. ಟೈಲರ್ ಪುಟ್ಟಯ್ಯನ ಕಷ್ಟ ತೀರದಿರುವವರೆಗೆ ಉಳಿದವರೆಲ್ಲ ಮರ್ಯಾದಸ್ಥರು. ಅವನ ಕೈ ಹಿಡಿದು ಎತ್ತಿದರೆ ಮುಂದಿನ ಸರದಿ ಯಾರದೋ! ಮೇಲಾಗಿ ಆ ಮನೆಗೆ ಹೋದವರೂ ಟೀವಿಯಲ್ಲಿ ಬರುತ್ತಿದ್ದರು. ಏನು ಕೊಟ್ಟರು, ಎಷ್ಟು ಕೊಟ್ಟರು ಎಲ್ಲವೂ ಊರಿಗೆ ಕಾಣುತ್ತಿತ್ತು. ಹೀಗಾಗಿ ನೋಡುವವರು ಊರು ತುಂಬ ಇದ್ದರು, ಹೋಗುವವರು ಇರಲಿಲ್ಲ.

ಚಂಪಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ನನಗೆ ಏಳು. ಅವಳು ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ನನ್ನನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಭಾವ ಗುರುಬಸಪ್ಪನವರು ಮದುವೆ ಮುಂಜಿಗಳಿಗೆ ಪಾತ್ರೆ ಬಾಡಿಗೆಗೆ ಕೊಡುವವರು. ಊರಿನ ಯಾವ ಮದುವೆಯ ಪಾಯಸವೂ ಅವರ ಕೊಪ್ಪರಿಗೆಯಲ್ಲೇ ಕುದಿಯಬೇಕು. ನನ್ನನ್ನು ಅವರು ಒಂದು ದಿನವೂ 'ನಿನ್ನ ತಂಗಿ' ಅನ್ನಲಿಲ್ಲ, 'ನಮ್ಮ ಹುಡುಗಿ' ಅನ್ನುತ್ತಿದ್ದರು. ನನ್ನ ಧಾರೆಯ ದಿನ ಆರುನೂರು ಎಲೆ ಬಿದ್ದವು. ಭಾವ ತಾವೇ ಪಂಚೆ ಎತ್ತಿ ಕಟ್ಟಿ ಹುಳಿ ಬಡಿಸಿದರು.

ಆಮೇಲೆ ಊರಿಗೆ ಎರಡು ಕಲ್ಯಾಣಮಂಟಪ ಬಂದವು, ಪಾತ್ರೆಗಳೂ ಅಲ್ಲಿಯವೇ. ಅಡುಗೆ ಕಂಟ್ರಾಕ್ಟರುಗಳು ಬಂದರು, ಎಲೆಯಿಂದ ಹಿಡಿದು ಬಡಿಸುವವರ ತನಕ ಅವರೇ ತಂದರು. ಕೊಪ್ಪರಿಗೆ ಎತ್ತಲು ಹೋಗಿ ಭಾವನ ಸೊಂಟ ಹಿಡಿದುಕೊಂಡಿತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಹಬ್ಬಕ್ಕೆ ಕರೆದರೆ ಹೋಗಿ ಒಬ್ಬಟ್ಟು ತಿಂದು ಬಂದಿದ್ದೆ.

ಮೊದಲನೆಯ ವಾರ ನಾನು ಹೋಗಲಿಲ್ಲ. ಷಡಕ್ಷರಿ ಬೇಡ ಅಂದವರಲ್ಲ. ಅವರದು ಬಣ್ಣ, ಸುಣ್ಣ, ಕಬ್ಬಿಣದ ಸಾಮಾನಿನ ಅಂಗಡಿ, ವ್ಯಾಪಾರ ಅಷ್ಟಕ್ಕಷ್ಟೆ. "ಹೋಗು, ಅಕ್ಕನ ಮನೆ, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಯೋಚನೆ ಮಾಡು. ಕಮ್ಮಿ ಕೊಟ್ರೆ ಊರು ಜುಗ್ಗರು ಅನ್ನುತ್ತೆ. ಜಾಸ್ತಿ ಕೊಟ್ರೆ ನಾಳೆ ಬೆಳಿಗ್ಗೆ ನನ್ನ ತಮ್ಮ ಬಾಗಿಲಲ್ಲಿ ನಿಂತಿರ್ತಾನೆ," ಅಂದರು. ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ನಿಜ ಹೇಳಬೇಕೆಂದರೆ ಹುಡುಕಲೂ ಇಲ್ಲ.

ಹಾಗೆ ದಿನಾ ಏಳು ಗಂಟೆಗೆ ಅಕ್ಕನನ್ನು ಟೀವಿಯಲ್ಲಿ ನೋಡಿದೆ. ಮನೆಯ ಸಣ್ಣ ಪಾತ್ರೆಗಳನ್ನೆಲ್ಲ ಮೊದಲೇ ಮಾರಿದ್ದರು, ದೊಡ್ಡವನ್ನು ಕೊಳ್ಳುವವರಿರಲಿಲ್ಲ. ಇಪ್ಪತ್ತೈದು ಜನರಿಗೆ ಬೇಯಿಸುವ ತಪ್ಪಲೆಯಲ್ಲಿ ಅವಳು ಮೂರು ಜನಕ್ಕೆ ಅನ್ನ ಮಾಡುತ್ತಿದ್ದಳು. ಅನ್ನ ತಳದಲ್ಲಿ ಎಲ್ಲೋ ಒಂದು ಅಂಟಿನಂತೆ ಕೂತಿರುತ್ತಿತ್ತು. ಅವಳು ಭುಜದವರೆಗೆ ಕೈ ಇಳಿಸಿ ಬಗ್ಗಿ ಬಳಿಯುವಾಗ ಸೌಟು ತಳಕ್ಕೆ ತಗುಲುವ ಸದ್ದು ನಮ್ಮ ಬೀದಿಯ ಅಷ್ಟೂ ಮನೆಗಳಿಂದ ಒಟ್ಟಿಗೇ ಕೇಳುತ್ತಿತ್ತು.

ಪಕ್ಕದ ಮನೆಯ ಸರ್ವಮಂಗಳಮ್ಮ ತಮ್ಮ ಮನೆಯಲ್ಲಿ ಟೀವಿ ಇದ್ದೂ ನಮ್ಮ ಮನೆಗೆ ಬಂದು ಕೂರತೊಡಗಿದರು. "ಒಬ್ಬಳೇ ನೋಡ್ಬೇಕಾಗುತ್ತಲ್ಲ ತಾಯಿ ನೀನು, ಸಂಕಟ ಆಗುತ್ತೆ," ಅನ್ನುತ್ತಿದ್ದರು. ಅವರ ಕಣ್ಣು ಅರ್ಧ ಟೀವಿಯ ಮೇಲೆ, ಅರ್ಧ ನನ್ನ ಮೇಲೆ. ಎದ್ದು ಹೋಗುವಾಗ ಒಂದು ದಿನ, "ತಂಗಿ ಇವತ್ತು ಹೋಗ್ತಾಳೆ, ನಾಳೆ ಹೋಗ್ತಾಳೆ ಅಂತ ನಮ್ಮ ಮನೆಯವರೆಲ್ಲ ಕಾಯ್ತಾ ಇದ್ದಾರಮ್ಮ," ಎಂದರು.

ಒಂಬತ್ತನೆಯ ದಿನ ಹೋದೆ. ಐದು ಸೇರು ಅಕ್ಕಿ, ತೊಗರಿಬೇಳೆ, ಎರಡು ಅಚ್ಚು ಬೆಲ್ಲ, ಅಕ್ಕನಿಗೊಂದು ಸೀರೆ. ನಾನು ತಿಳಿ ನೀಲಿ ಸೀರೆ ಉಟ್ಟೆ. ಟೀವಿಯಲ್ಲಿ ಗಾಢ ಬಣ್ಣ ಕಪ್ಪಗೆ ಕಾಣುತ್ತದೆಂದು ನೋಡಿ ನೋಡಿ ತಿಳಿದಿತ್ತು. ಅಕ್ಕಿಯ ಚೀಲ ಕಾಣುವಂತಿರಲಿ ಎಂದು ಬುಟ್ಟಿಯ ಬದಲು ಬಲಗೈಯಲ್ಲಿ ಹಿಡಿದುಕೊಂಡೇ ನಡೆದೆ.

"ಬಾರೇ ವಿಶಾಲೂ. ಇದೇನೇ, ಸೀಮಂತಕ್ಕೆ ಬಂದ ಹಾಗೆ ಬಂದಿದ್ದೀಯ!" ಎಂದು ಚಂಪಕ್ಕ ನಕ್ಕಳು. ಚೀಲ ಇಸಿದುಕೊಂಡು ಒಳಗಿಟ್ಟಳು. ಎಷ್ಟಿದೆ ಎಂದು ನೋಡಲೂ ಇಲ್ಲ. ಭಾವ ಮಲಗಿದ್ದಲ್ಲಿಂದಲೇ, "ಷಡಕ್ಷರಿ ಚೆನ್ನಾಗಿದ್ದಾನಾ?" ಎಂದು ಕೇಳಿದರು. ಮಗಳು ಇಂದುಮತಿ, ಹತ್ತನೆಯ ತರಗತಿಯ ಹುಡುಗಿ, ಪುಸ್ತಕದಿಂದ ತಲೆ ಎತ್ತಿ ನನ್ನ ಸೀರೆಯನ್ನು ನೋಡಿದಳು.

"ಒಂದು ತುತ್ತು ಊಟ ಮಾಡ್ಕೊಂಡು ಹೋಗೇ. ಮೊನ್ನೆಯಿಂದ ಯಾರ ಜೊತೆಗಾದ್ರೂ ಕೂತು ಉಣ್ಬೇಕು ಅನ್ನಿಸ್ತಾ ಇದೆ," ಎಂದಳು ಅಕ್ಕ.

"ಮನೇಲಿ ಕೆಲಸ ಬಿದ್ದಿದೆ ಅಕ್ಕ, ಇನ್ನೊಂದು ದಿನ," ಅಂದೆ. ಆ ದೊಡ್ಡ ತಪ್ಪಲೆಯ ಅನ್ನವನ್ನು ನಾನು ಉಣ್ಣುವುದು ಊರಿಗೆ ಕಂಡರೆ, ಇದ್ದ ಹಿಡಿ ಅನ್ನವನ್ನೂ ತಂಗಿ ತಿಂದು ಹೋದಳು ಅನ್ನುವುದಿಲ್ಲವೆ?

ಆ ಸಂಜೆ ಏಳು ಗಂಟೆಗೆ ಕೂದಲು ಬಾಚಿಕೊಂಡು ಟೀವಿಯ ಮುಂದೆ ಕೂತೆ. ಸರ್ವಮಂಗಳಮ್ಮನಿಗೂ ಬೇಗ ಬನ್ನಿ ಎಂದು ಹೇಳಿ ಕಳಿಸಿದ್ದೆ. ಟೀವಿಯಲ್ಲಿ ಬಂದದ್ದು ಭಾವನ ಸೊಂಟ. ಚಂಪಕ್ಕ ಅದಕ್ಕೆ ಎಣ್ಣೆ ತೀಡುತ್ತಿದ್ದಳು. ಅರ್ಧ ಗಂಟೆ ಪೂರಾ ಎಣ್ಣೆ ತೀಡಿದಳು.

ಗುರುವಾರ ಮತ್ತೆ ಹೋದೆ, ಬೇರೆ ಹೊತ್ತಿನಲ್ಲಿ. ಆವತ್ತು ಇಂದುಮತಿ ಗಣಿತದ ಲೆಕ್ಕ ಬಿಡಿಸುವುದನ್ನು ತೋರಿಸಿದರು. ಶನಿವಾರ ಹೋದೆ, ಆ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಬೆಕ್ಕೊಂದು ಕೊಪ್ಪರಿಗೆಯೊಳಗೆ ಮಲಗಿದ್ದನ್ನು ಊರೆಲ್ಲ ನೋಡಿತು. ನಾಲ್ಕನೆಯ ಸಲ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅಲ್ಲೇ ಕೂತೆ. ಚೀಲವನ್ನು ಒಳಗಿಡಲು ಬಿಡದೆ ನನ್ನ ಮುಂದೆಯೇ ಇಟ್ಟುಕೊಂಡಿದ್ದೆ. ಅದರಲ್ಲಿ ಎರಡೇ ಸೇರು ಅಕ್ಕಿ ಇತ್ತು, ಕೆಳಗೆ ಹಳೆಯ ಪೇಪರು ತುರುಕಿದ್ದೆ. ಆ ಸಂಜೆ ಬಂದದ್ದು, ನಸುಕಿನಲ್ಲಿ ಅಕ್ಕ ಉಗುರು ಕತ್ತರಿಸಿಕೊಂಡದ್ದು.

"ಹೋಗೋಕೆ ಮನಸ್ಸು ಬರ್ತಿಲ್ಲ ಅಲ್ವಾ ತಾಯಿ?" ಎಂದು ಸರ್ವಮಂಗಳಮ್ಮ ಮೆತ್ತಗೆ ಕೇಳಿದರು.

"ಹೋಗಿದ್ದೆ! ನಾಲ್ಕು ಸಲ ಹೋಗಿದ್ದೀನಿ!"

"ಹೌದಾ?" ಎಂದು ಅವರು ಸೆರಗಿನ ತುದಿಯನ್ನು ನೀವಿಕೊಂಡರು. "ಇರಬಹುದಮ್ಮ."

ಆ 'ಇರಬಹುದು' ನನ್ನನ್ನು ಕೊರೆಯಿತು. ಮರುದಿನ ಬರಿಗೈಯಲ್ಲಿ ಅಕ್ಕನ ಮನೆಗೆ ನುಗ್ಗಿದೆ. ಅವಳು ತಪ್ಪಲೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು.

"ಅಕ್ಕ, ನೀನೊಂದು ಕೆಲಸ ಮಾಡ್ಬೇಕು. ನಾನು ಬಂದಿದ್ದು ಟೀವೀಲಿ ಬರ್ತಾನೇ ಇಲ್ಲ. ಊರಲ್ಲಿ ತಲೆ ಎತ್ತೋ ಹಾಗಿಲ್ಲ. ನೀನು ಆಗಾಗ ಬಾಯಿಬಿಟ್ಟು ಹೇಳ್ತಿರು, ವಿಶಾಲು ಅಕ್ಕಿ ತಂದ್ಕೊಟ್ಳು ಅಂತ. ದಿನಕ್ಕೆ ಹತ್ತಾರು ಸಲ ಹೇಳ್ತಿದ್ರೆ ಯಾವಾಗ್ಲಾದ್ರೂ ಒಂದ್ಸಲ ಬಂದೇ ಬರುತ್ತೆ."

ಅಕ್ಕನ ಕೈ ನಿಂತಿತು. ಭಾವ ಮಗ್ಗುಲು ಬದಲಾಯಿಸಿ ಗೋಡೆಯ ಕಡೆ ಮುಖ ಮಾಡಿದರು.

"ಯಾರಿಗೇಂತ ಹೇಳ್ಲೇ?" ಎಂದಳು ಅಕ್ಕ.

"ಯಾರಿಗಾದ್ರೂ ಹೇಳು. ಗೋಡೆಗೆ ಹೇಳು."

ಇಂದುಮತಿ ತಟ್ಟನೆ ಎದ್ದು ನಿಂತಳು. "ನಮ್ಮಮ್ಮ ಏನು ಗಿಣೀನಾ ಚಿಕ್ಕಮ್ಮ?"

"ಇಂದೂ, ಸುಮ್ನಿರು," ಎಂದು ಅಕ್ಕ ಗದರಿದಳು. ಮತ್ತೆ ತಿಕ್ಕತೊಡಗಿದಳು. "ಅವಳಿಗೆ ಏನ್ ಗೊತ್ತು. ನೀನು ನಾಲ್ಕು ಜನದ ಮಧ್ಯೆ ಬಾಳ್ಬೇಕಾದೋಳು. ಹೇಳ್ತೀನಿ ಹೋಗು. ಅದೇನು ಕಷ್ಟ."

ಎರಡು ದಿನ ಕಳೆದು ಅದು ಬಂತು. ಚಂಪಕ್ಕ ಪಡಸಾಲೆ ಗುಡಿಸುತ್ತಿದ್ದಳು. ಗುಡಿಸುತ್ತಲೇ, "ನನ್ನ ತಂಗಿ ವಿಶಾಲು ಅಕ್ಕಿ ತಂದ್ಕೊಟ್ಳು," ಎಂದಳು. ಮನೆಯಲ್ಲಿ ಯಾರೂ ಇರಲಿಲ್ಲ. ಮೊರಕ್ಕೆ ಕಸ ತುಂಬಿಕೊಂಡು ಎದ್ದು, ಅದೇ ದನಿಯಲ್ಲಿ, ಅವೇ ಅಕ್ಷರಗಳಲ್ಲಿ ಇನ್ನೊಂದು ಸಲ ಹೇಳಿದಳು. ನಲ್ಲಿಯ ಹತ್ತಿರ ಕೊಡ ಇಟ್ಟು ನೀರಿನ ಸದ್ದಿಗಿಂತ ಮೇಲೆ ಗಂಟಲೆತ್ತಿ ಮತ್ತೊಂದು ಸಲ ಹೇಳಿದಳು. ಮಗ್ಗಿ ಒಪ್ಪಿಸುವ ಮಗುವಿನಂತೆ ಕತ್ತು ನೆಟ್ಟಗೆ ಮಾಡಿಕೊಂಡು, ಒಂದು ಮಾತೂ ಬಿಡದೆ.

ನಾನು ಸರ್ವಮಂಗಳಮ್ಮನ ಕಡೆ ತಿರುಗಿದೆ. ಅವರ ಕಣ್ಣಲ್ಲಿ ನೀರು ತುಂಬಿತ್ತು. ಗೆದ್ದೆ ಎಂದುಕೊಂಡೆ.

"ಎಂಥಾ ಹೆಣ್ಣುಮಗಳಪ್ಪ!" ಎಂದರು ಅವರು. "ಬಾರದೇ ಇರೋ ತಂಗಿಯ ಮಾನ ಕಾಯೋಕೆ ಹೇಗೆ ಸುಳ್ಳು ಹೇಳ್ತಾಳೆ ನೋಡು!"

ಬೆಳಗಾಗುವುದರೊಳಗೆ ಊರೆಲ್ಲ ಅದೇ ಮಾತು. ಹಾಲಿನ ಬೂತಿನಲ್ಲಿ ನನ್ನನ್ನು ಕಂಡು ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಷಡಕ್ಷರಿಯ ಅಂಗಡಿಗೆ ಬಂದವನೊಬ್ಬ ಸುಣ್ಣ ತೂಗಿಸಿಕೊಂಡು, "ಸ್ವಾಮಿ, ಸ್ವಲ್ಪ ಅಕ್ಕೀನಾದ್ರೂ ಕಳಿಸಬಾರದಿತ್ತಾ?" ಎಂದು ಕೇಳಿ ಹೋದನಂತೆ. ಚಂಪಕ್ಕನ ಹೆಸರು ಹೇಳಿಕೊಂಡು ಗಂಡಸರೂ ಅತ್ತರು. ಅಷ್ಟು ಅತ್ತವರಲ್ಲಿ ಒಬ್ಬರೂ ಅವಳ ಮನೆಯ ಮೆಟ್ಟಿಲು ಹತ್ತಲಿಲ್ಲ, ಅದು ಬೇರೆ.

ನನಗೆ ಸಿಟ್ಟು ಬಂತು. ಊರಿನ ಮೇಲೆ ಬರಬೇಕಾದದ್ದು ಅಕ್ಕನ ಮೇಲೆ ಬಂತು. "ಬೇಕಂತಲೇ ಹಾಗೆ ಒಪ್ಪಿಸಿದಳು ಅವಳು. ಸರಿಯಾಗಿ ಹೇಳಿದ್ರೆ ಯಾರು ಸುಳ್ಳು ಅಂತಿದ್ರು?" ಎಂದು ಗಂಡನ ಮುಂದೆ ಕೂಗಾಡಿದೆ. ಅವರು ಅನ್ನ ಕಲಸುತ್ತಲೇ ಇದ್ದರು. ಅಕ್ಕ ಅಂಥವಳಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅವಳ ಮೇಲೆ ಕೋಪ ಇರುವವರೆಗೆ ಅಲ್ಲಿಗೆ ಹೋಗದಿರಲು ನನಗೊಂದು ಕಾರಣ ಇರುತ್ತಿತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಾನು ಹೋಗುವುದನ್ನು ನಿಲ್ಲಿಸಿದೆ. ಅಕ್ಕ ಹೇಳುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸು ಎಂದು ನಾನು ಹೇಳಿರಲಿಲ್ಲವಲ್ಲ. ನಾನು ಕೊಟ್ಟ ಅಕ್ಕಿ ಎಂದೋ ಮುಗಿದಿತ್ತು, ಖಾಲಿ ಚೀಲವನ್ನು ಮಡಿಸಿ ಭಾವನ ಸೊಂಟದ ಕೆಳಗೆ ಇಟ್ಟದ್ದು ಟೀವಿಯಲ್ಲೇ ಕಂಡಿತ್ತು. ಹಾಗಿದ್ದೂ ಅವಳು ತಪ್ಪಲೆಯಲ್ಲಿ ರಾಗಿ ಗಂಜಿ ತಿರುವುತ್ತಾ, "ನನ್ನ ತಂಗಿ ವಿಶಾಲು ಅಕ್ಕಿ ತಂದ್ಕೊಟ್ಳು," ಅನ್ನುತ್ತಿದ್ದಳು. ಮಗಳ ಜಡೆ ಹೆಣೆಯುತ್ತಾ ಅನ್ನುತ್ತಿದ್ದಳು. ಒಂದು ಸಂಜೆ ಗಂಟಲು ಕಟ್ಟಿಕೊಂಡು ದನಿಯೇ ಇರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆಯ ಮುಂದೆ ನಿಂತೆ.

ಮಾರ್ಗಶಿರ ಮುಗಿಯುವ ಹೊತ್ತಿಗೆ ಹೊರಗಿನಿಂದ ಗುಜರಿಯವನೊಬ್ಬ ಲಾರಿ ತಂದು ಕೊಪ್ಪರಿಗೆಗಳನ್ನು ತೂಕಕ್ಕೆ ಕೊಂಡನೆಂದು ಸುದ್ದಿ ಬಂತು. ಭಾವನ ದಾಯಾದಿಯೊಬ್ಬರು ಹೊಳೆಯಾಚೆಯ ಊರಿನಲ್ಲಿ ಒಂದು ಕೋಣೆ ಕೊಡುತ್ತಾರಂತೆ, ಇವರು ಹೊರಟರಂತೆ. ಕೇಳಿದ ದಿನ ಹೋಗಲಿಲ್ಲ. ಮರುದಿನ ಹೋಗೋಣ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮೂರರ ಸುಮಾರಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಮುಂದಿನ ಬಾಗಿಲು ಹಾಕಿತ್ತು. ಗೇಟಿನ ಚಿಲಕದ ಸದ್ದಾಯಿತು. ಅಂಗಳದಲ್ಲಿ ಹೆಜ್ಜೆ. ಚಂಪಕ್ಕನ ಎಡಗಾಲು ಒಂದಿಷ್ಟು ಎಳೆಯುತ್ತದೆ. ಚಿಕ್ಕಂದಿನಲ್ಲಿ ನಾನು ಬಾವಿಕಟ್ಟೆಯಿಂದ ಬೀಳುವಾಗ ಹಿಡಿಯಲು ಹೋಗಿ ಅವಳು ಮುರಿದುಕೊಂಡ ಕಾಲು ಅದು. ಸಾವಿರ ಜನ ನಡೆದರೂ ಆ ಸದ್ದು ನನಗೆ ತಿಳಿಯುತ್ತದೆ. ಎದ್ದು ಬಾಗಿಲವರೆಗೆ ಹೋದೆ. ಅಗುಳಿಯ ಮೇಲೆ ಕೈ ಇಟ್ಟೆ.

ತೆಗೆದರೆ ಅವಳ ಜೊತೆ ನಾನೂ ಸಂಜೆ ಬರಬಹುದು. ಕಣ್ಣೀರು ಹಾಕಿದರೆ ನಾಟಕ ಅನ್ನುತ್ತಾರೆ, ಹಾಕದಿದ್ದರೆ ಕಲ್ಲು ಅನ್ನುತ್ತಾರೆ. ಏನು ಹೇಳಲಿ? ಯಾವ ಸೀರೆಯಲ್ಲಿದ್ದೇನೆ? ಇದನ್ನೆಲ್ಲ ನಾನು ನಿಜವಾಗಿಯೂ ಯೋಚಿಸಿದೆ, ಅಗುಳಿಯ ಮೇಲೆ ಕೈ ಇಟ್ಟುಕೊಂಡೇ. ಅವಳು ಬಾಗಿಲು ಬಡಿದರೆ ತೆಗೆಯುತ್ತೇನೆ ಎಂದುಕೊಂಡೆ. ಅವಳು ಬಡಿಯಲಿಲ್ಲ. ಏನೋ ಮೆಲ್ಲನೆಯ ಮಾತು ಕೇಳಿತು. ಹೆಜ್ಜೆ ಹಿಂದಿರುಗಿತು. ಗೇಟಿನ ಚಿಲಕವನ್ನು ಅವಳು ಮರೆಯದೆ ಹಾಕಿಕೊಂಡು ಹೋದಳು.

ಏಳು ಗಂಟೆಗೆ ಟೀವಿ ಹಾಕಬಾರದು ಎಂದುಕೊಂಡಿದ್ದೆ. ಸರ್ವಮಂಗಳಮ್ಮ ಬಂದು ಅವರೇ ಹಾಕಿದರು. ಆ ದಿನ ಷಡಕ್ಷರಿಯೂ ಅಂಗಡಿಯಿಂದ ಬೇಗ ಬಂದಿದ್ದರು.

ಟೀವಿಯಲ್ಲಿ ನಮ್ಮ ಬೀದಿ ಕಾಣಿಸಿತು. ಬೀದಿಯ ಕೊನೆಯಲ್ಲಿ ಆಟೋ, ಅದರೊಳಗೆ ಗಂಟುಗಳ ನಡುವೆ ಭಾವ. ಚಂಪಕ್ಕ, ಇಂದುಮತಿ ನಮ್ಮ ಗೇಟು ತೆಗೆದು ಒಳಗೆ ಬಂದರು. ಊರಿನವರೆಲ್ಲ ನಮ್ಮ ಮನೆಯ ಮುಚ್ಚಿದ ಬಾಗಿಲನ್ನು ನೋಡಿದರು. ನಾನೂ ನೋಡಿದೆ. ಬಾಗಿಲ ಹೊರಗೆ ನನ್ನ ಚಪ್ಪಲಿ ಬಿದ್ದಿದ್ದವು, ಒಂದು ಮಗುಚಿಕೊಂಡು. ಕಿಟಕಿಯ ಸರಳಿನಾಚೆ ಫ್ಯಾನು ತಿರುಗುತ್ತಿತ್ತು.

ಅಕ್ಕ ಕೈ ಎತ್ತಿದಳು. ಆಗ ಅವಳ ಕಣ್ಣು ಚಪ್ಪಲಿಯ ಮೇಲೆ ಬಿತ್ತು. ಕೈ ಇಳಿಸಿದಳು. ಬಗ್ಗಿ, ಮಗುಚಿದ್ದ ಚಪ್ಪಲಿಯನ್ನು ನೆಟ್ಟಗೆ ತಿರುಗಿಸಿ ಇನ್ನೊಂದರ ಜೊತೆಗೆ ಇಟ್ಟಳು.

"ಮನೇಲಿ ಯಾರೂ ಇಲ್ಲ ಕಣೇ. ನಡಿ," ಎಂದಳು.

"ಚಪ್ಪಲಿ ಇಲ್ಲೇ ಇದೆಯಲ್ಲಮ್ಮ. ಫ್ಯಾನ್ ಬೇರೆ ತಿರುಗ್ತಿದೆ."

"ಆರಿಸೋದು ಮರೆತು ಹೋಗಿರ್ತಾಳೆ. ಚಿಕ್ಕೋಳಿದ್ದಾಗಿಂದ್ಲೂ ಅವಳು ಹಾಗೇ," ಎಂದು ಅಕ್ಕ ಮಗಳ ಬೆನ್ನ ಮೇಲೆ ಕೈ ಹಾಕಿ ತಿರುಗಿಸಿದಳು.

ಉಳಿದ ಹೊತ್ತೆಲ್ಲ ಆಟೋದ ಹಿಂಭಾಗ. ಹೊಳೆಯ ಸೇತುವೆಯ ಮೇಲೆ ಚಿತ್ರ ನಿಂತುಹೋಯಿತು. ಅದರಾಚೆಗೆ ಅವರ ಕಷ್ಟ ತೀರಿತೋ, ಹೆಚ್ಚಾಯಿತೋ, ತಿಳಿಯುವ ದಾರಿ ನಮ್ಮೂರಿಗಿಲ್ಲ. ನನಗೊಂದು ದಾರಿಯಿತ್ತು, ಬಸ್ಸಿನಲ್ಲಿ ಒಂದೂವರೆ ಗಂಟೆ. ನಾನು ಹೋಗಲಿಲ್ಲ.

ಟೀವಿ ಆರಿಸಿ ಷಡಕ್ಷರಿ ಹಿತ್ತಲಿಗೆ ಹೋದರು. ನಾನು ತಲೆ ಬಗ್ಗಿಸಿ ಕೂತಿದ್ದೆ. ಸರ್ವಮಂಗಳಮ್ಮ ಉಗಿಯಲಿ, ನಾಲ್ಕು ಮಾತು ಅನ್ನಲಿ, ಎದ್ದು ಹೋಗಿ ಬೀದಿಯಲ್ಲಿ ನಿಂತು ಕೂಗಲಿ ಎಂದು ಕಾದೆ. ಅವರು ಹತ್ತಿರ ಸರಿದು ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಇಷ್ಟು ದಿನ ಇಲ್ಲದ ಅಕ್ಕರೆ ಅವರ ದನಿಯಲ್ಲಿತ್ತು.

"ಬಿಡಮ್ಮ. ನಾನಾಗಿದ್ರೂ ತೆಗೀತಿರ್ಲಿಲ್ಲ," ಎಂದರು.

ಮಾರನೆಯ ದಿನದಿಂದ ಹಾಲಿನ ಬೂತಿನಲ್ಲಿ ಹೆಂಗಸರು ನನ್ನ ಜೊತೆ ಮಾತಾಡಿದರು. ಅಂಗಡಿಯ ವ್ಯಾಪಾರ ಮೊದಲಿನ ಹದಕ್ಕೆ ಬಂತು. ಸಂಜೆ ಏಳಕ್ಕೆ ಸೈಕಲ್ ರಿಪೇರಿಯ ಕಾಳಪ್ಪನ ಮನೆ ಶುರುವಾಯಿತು. ಪಂಪಿನ ಪಕ್ಕದಲ್ಲಿ ಅವನು ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ. ಸರ್ವಮಂಗಳಮ್ಮ ಹುರಿಗಡಲೆಯ ಬಟ್ಟಲು ತಂದು ನಮ್ಮಿಬ್ಬರ ನಡುವೆ ಇಟ್ಟರು.

"ಇವನಿಗೆ ಒಬ್ಬ ಅಣ್ಣ ಇದ್ದಾನೆ, ಅಕ್ಕಿ ಗಿರಣಿ ಪಕ್ಕ ಮಾಳಿಗೆ ಮನೆ," ಎಂದರು. "ಹೋಗ್ತಾನೆ ಅಂತೀಯಾ?"

"ಹೋಗಲ್ಲ ಬಿಡಿ," ಎಂದು ನಾನು ಒಂದು ಹಿಡಿ ಕಡಲೆ ತೆಗೆದುಕೊಂಡೆ.